ಉಗುರುಬಣ್ಣದ ಹಲ್ಲುಕಡ್ಡಿಗಳು

ಉಗುರುಬಣ್ಣ ಹಚ್ಚಿ ಒಣಗಿಸಿದ ಹಲ್ಲುಕಡ್ಡಿಗಳನ್ನು ಚಿಕ್ಕಮ್ಮ ಊಟದ ಮೇಜಿನ ಮೇಲೆ ಸುರುವಿದಳು. ರೈಲಿನಲ್ಲಿ ಆಡಲೆಂದು, ಖಾಲಿ ಮಾತ್ರೆಡಬ್ಬಿಯಲ್ಲಿ ಹಿಡಿಸುವಂಥ ಆಟವನ್ನು ಅವಳೂ ಗಂಡನ ಮಗಳೂ ಸೇರಿ ಮಾಡಿದ್ದರು. ಅವಳು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹುಡುಗಿ ಅವಳನ್ನು ನೆಂಟರಂತೆ ‘ನೀವು’ ಎಂದೇ ಮಾತಾಡಿಸುತ್ತಿದ್ದಳು. ಎದುರುತ್ತರವಿಲ್ಲ, ಹಟವಿಲ್ಲ.

“ಬೇರೆ ಕಡ್ಡಿ ಅಲ್ಲಾಡದ ಹಾಗೆ ಒಂದೊಂದೇ ತೆಗೀಬೇಕು, ಆಯ್ತಾ?” ಎಂದು ಚಿಕ್ಕಮ್ಮ ಉಸಿರು ಬಿಗಿಹಿಡಿದು ಕೆಂಪು ಕಡ್ಡಿಯನ್ನು ಎತ್ತಿದಳು. ಪಕ್ಕದ ಹಸಿರು ಕಡ್ಡಿ ಕೂದಲೆಳೆಯಷ್ಟು ಅಲುಗಿತು. ಏನೂ ಆಗಿಲ್ಲವೆಂಬಂತೆ ಮುಂದಿನದಕ್ಕೆ ಕೈಹಾಕಿದಳು.

“ಏಯ್, ಅಲ್ಲಾಡ್ತು! ಮೋಸಗಾತಿ ನೀನು! ಕೈ ತೆಗಿ, ಈಗ ನನ್ ಸರದಿ!” ಹುಡುಗಿ ಅವಳ ಕೈಮೇಲೆ ಪಟ್ಟನೆ ಒಂದೇಟು ಕೊಟ್ಟಳು.

ಚಿಕ್ಕಮ್ಮನಿಗೆ ಎದೆ ತುಂಬಿ ಬಂತು. ನಗು ತಡೆದುಕೊಂಡು, ಸೊಂಟಕ್ಕೆ ಕೈಯಿಟ್ಟು, ಸರಿಸಮಳಾಗಿ ಜಗಳಕ್ಕೆ ನಿಂತಳು. “ಅಲ್ಲಾಡ್ಲೇ ಇಲ್ಲ, ಹೋಗೇ!”