ನೀರು ಕಂಡಿಲ್ಲ

ಸಾಹೇಬರು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಎದೆಯೆತ್ತರ ಬೆಳೆದ ಹುಲ್ಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದರು. ಪರಿಶೀಲನೆ ಮುಗಿಯಿತು. ಈ ಹುಲ್ಲುಗಾವಲು ನಿಜಕ್ಕೂ ಜೌಗು ನೆಲವೋ ಅಲ್ಲವೋ ಎಂದು ಅವರು ಅಂದು ಸಂಜೆ ಐದರೊಳಗೆ ಬರೆದು ಕೊಡಬೇಕಿತ್ತು. ಅಲ್ಲ ಎಂದರೆ, ಮಣ್ಣು ಸುರಿದು ಗೋದಾಮು ಕಟ್ಟಲು ಲಾರಿಗಳು ತಯಾರಾಗಿ ನಿಂತಿದ್ದವು.

"ನೀರು ಎಲ್ಲಿದೆಯಮ್ಮಾ?" ಎಂದು ಕಾವಲುಗಾರ್ತಿಯನ್ನು ಕೇಳಿದರು.

"ಹುಲ್ಲಿನ ಕೆಳಗಿದೆ ಸಾರ್. ಇಳಿದು ನೋಡಿ."

"ಇಳಿದರೆ ಬೂಟು ಹಾಳಾಗುತ್ತೆ."

"ನೀರಿಲ್ಲದ ಕಡೆ ಬೂಟು ಯಾಕೆ ಹಾಳಾಗುತ್ತೆ ಸಾರ್?"

ಸಾಹೇಬರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳುವಷ್ಟು ದೊಡ್ಡವರ ಮಾತು ಅನ್ನಿಸಲಿಲ್ಲ. ಹಾಳೆಯಲ್ಲಿ 'ನೀರು' ಎಂದಿದ್ದ ಕಡೆ 'ಕಂಡಿಲ್ಲ' ಎಂದು ಬರೆದರು. 'ವನ್ಯಜೀವಿಗಳು' ಎಂದಿದ್ದ ಕಡೆ 'ಸೊಳ್ಳೆ' ಎಂದು ಬರೆದು, ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಹಾಳೆಯನ್ನು ಕಿಟಕಿಯಿಂದ ಹೊರಗೆ ಚಾಚಿದರು. ಕಾವಲಿನವರ ಸಹಿಯೂ ಬೇಕಿತ್ತು.

ಅವಳು ಆ ನೆಲ ಕಾಯತೊಡಗಿ ಹತ್ತೊಂಬತ್ತು ವರ್ಷ. ಸುತ್ತಮುತ್ತ ಎಲ್ಲೂ ಇಂಥ ಹುಲ್ಲು ಉಳಿದಿರಲಿಲ್ಲ. ಈ ಸಲ ಹನ್ನೊಂದು ಜೋಡಿ ಸಾರಸ ಬಂದಿದ್ದವು. ಒಂದಂತೂ ಕಾರಿನಿಂದ ಕೂಗಳತೆಯಲ್ಲೇ ಮೊಟ್ಟೆಗೆ ಕಾವು ಕೊಡುತ್ತಿತ್ತು.

"ಸಹಿ ಹಾಕಿಬಿಡು ಮಾರಾಯ್ತಿ," ಎಂದ ಸಾಹೇಬರ ಡ್ರೈವರ್. ಅವನು ಅವಳ ಅಕ್ಕನ ಗಂಡ. "ಗೋದಾಮಿಗೂ ಕಾವಲು ಬೇಕಲ್ಲ, ಸಾಹೇಬರಿಗೆ ಹೇಳಿದ್ದೀನಿ. ಫ್ಯಾನಿನ ಕೆಳಗೆ ಕುರ್ಚಿ ಹಾಕ್ಕೊಂಡು ಹಾಯಾಗಿರು."

"ಇಷ್ಟು ವರ್ಷ ಉಸಿರಾಡೋ ಜೀವಗಳನ್ನ ಕಾಯ್ದಿದ್ದೀನಿ ಭಾವ. ಇನ್ನು ಡಬ್ಬ ಕಾಯ್ಲಾ?"

ಹಾಳೆ ಹಿಡಿದುಕೊಂಡು ಅವಳು ಗೂಡಿಲ್ಲದ ಕಡೆ ನೋಡಿ ಹುಲ್ಲಿನೊಳಗೆ ನಡೆದಳು. ಗಟ್ಟಿ ಬುಡಗಳ ಮೇಲಷ್ಟೇ ಕಾಲಿಡುತ್ತ ಹದಿನೈದಿಪ್ಪತ್ತು ಹೆಜ್ಜೆ ಹೋಗಿ ತಿರುಗಿ ನಿಂತಳು. "ಹಾಳೆ ಇಲ್ಲಿದೆ ಸಾರ್. ಬಂದು ತಗೊಳ್ಳಿ."

ಮೊಹರು ಬಿದ್ದಿದ್ದ ಹಾಳೆ ಅದೊಂದೇ. ಗಂಟೆ ನಾಲ್ಕಾಗಿತ್ತು. ಸಾಹೇಬರು ಡ್ರೈವರನ ಮುಖ ನೋಡಿದರು.

"ನಾನು ಮುಳುಗಿಹೋದರೆ ನಿಮ್ಮನ್ನ ವಾಪಸ್ ಯಾರು ಕರ್ಕೊಂಡು ಹೋಗ್ತಾರೆ ಸಾರ್?" ಎಂದ ಅವನು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು.

ಸಾಹೇಬರು ಹಲ್ಲು ಕಡಿಯುತ್ತ ಇಳಿದರು. ಮೊದಲ ನಾಲ್ಕು ಹೆಜ್ಜೆ ಕಚೇರಿಯ ಗತ್ತಿನಲ್ಲೇ ಬಿದ್ದವು. ಐದನೆಯದು ಬುಡಗಳ ಸಂದಿಗೆ ಇಳಿಯಿತು. ಅದನ್ನು ಎಳೆದುಕೊಳ್ಳಲು ಹೋಗಿ ಇನ್ನೊಂದು ಕಾಲೂ ಒಳಗಾಯಿತು. ತೊಡೆಯವರೆಗೆ ತಣ್ಣನೆಯ ಕಪ್ಪು ನೀರು.

"ಕೈ ಕೊಡಮ್ಮಾ!"

ಅವಳು ಹತ್ತಿರ ಬಂದು ಹಾಳೆ, ಪೆನ್ನು ಕೊಟ್ಟಳು. "ಮೊದಲು ತಿದ್ದಿ ಸಾರ್."

"ಇದು ದಬ್ಬಾಳಿಕೆ. ನಾನು ನೋಡಿದ್ದನ್ನೇ ಬರೆದಿದ್ದೀನಿ. ನೀರು ಕಂಡಿಲ್ಲ."

"ಹಾಗಾದ್ರೆ ನಡ್ಕೊಂಡು ಬನ್ನಿ."

ಸಾಹೇಬರು ನಡೆಯಲು ನೋಡಿದರು. ನೀರು ಸೊಂಟ ಮುಟ್ಟಿತು. ಆಮೇಲೆ ಅಂಗೈಯನ್ನೇ ಮೇಜು ಮಾಡಿಕೊಂಡು, ಮೊದಲಿನದನ್ನು ಹೊಡೆದು ಹಾಕಿ, ಆಳ ಸಮೇತ ಬರೆದರು. ಸಾರಸ, ಆಮೆ, ನೀರುನಾಯಿ ಎಂದು ಅವಳು ಹೇಳುತ್ತ ಹೋದಂತೆ, ಶಾಲೆಯ ಉಕ್ತಲೇಖನದಂತೆ, ಒಂದನ್ನೂ ಬಿಡದೆ ಇಳಿಸಿದರು. ಅವಳು ಓದಿ ನೋಡಿ, ಸಹಿ ಹಾಕಿ, ಹಾಳೆಯನ್ನು ಜೇಬಿಗೆ ಸೇರಿಸಿ, ಆಮೇಲಷ್ಟೇ ಕೈ ಚಾಚಿದಳು. ಸಾಹೇಬರು ಹೊರಗೆ ಬಂದರು, ಬೂಟುಗಳು ಬರಲಿಲ್ಲ.

ಹಾಳೆಯ ಜೊತೆಗೆ ಅವಳೂ ಕಾರು ಹತ್ತಿದಳು. ದಾರಿಯುದ್ದಕ್ಕೂ ಭಾವ ಸೀಟು ಕೊಳೆಯಾಯಿತೆಂದು ಗೊಣಗುತ್ತಲೇ ಇದ್ದ. ಐದಕ್ಕೆ ಹತ್ತು ನಿಮಿಷ ಇರುವಾಗ ಕಚೇರಿಯಲ್ಲಿ ಹಾಳೆಯ ಮೇಲೆ ಸ್ವೀಕೃತಿಯ ಮುದ್ರೆ ಬಿತ್ತು, ಹುಲ್ಲುಗಾವಲು ಉಳಿಯಿತು.

ಅವಳು ಹೊರಗೆ ಬಂದಾಗ ಸಾಹೇಬರು ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತು ಪ್ಯಾಂಟಿನ ತುದಿ ಹಿಂಡುತ್ತಿದ್ದರು. ತಪ್ಪು ಮಾಡಿದವಳನ್ನು ನೋಡುವಂತೆ ಅವಳನ್ನು ನೋಡಿದರು.

"ಇಷ್ಟೊಂದು ನೀರಿದೆ ಅಂತ ಮೊದಲೇ ಹೇಳೋಕೇನಾಗಿತ್ತಮ್ಮಾ ನಿಂಗೆ?"