ಪೋಲಿಯೋ ಹನಿ ಬೇಡವೆಂದ ಅಜ್ಜ

ಮೊನ್ನೆ ಮತ ಹಾಕಿ ಬಂದು ಬೆರಳಿನ ಶಾಯಿ ಮೂಸಿದಾಗ ಯಲಬುರ್ಗಾದ ಒಂದು ಮಧ್ಯಾಹ್ನ ನೆನಪಾಯಿತು.

ನನಗಿನ್ನೂ ಐದು ತುಂಬಿರಲಿಲ್ಲ. ಪೋಲಿಯೋ ಹನಿ ಹಾಕಲು ಬಂದ ಅಂಗನವಾಡಿ ಟೀಚರನ್ನು ಅಜ್ಜ ಹೊಸ್ತಿಲಲ್ಲೇ ತಡೆದ. "ನಮ್ಮ ಕೂಸಿನ ಬಾಯಾಗ ಏನ್ ಹಾಕಬೇಕಂತ ಸರ್ಕಾರ ಹೇಳೂದು ಬ್ಯಾಡ್ರಿ." ಅವನು ಸರ್ಕಾರದ ಪಿಂಚಣಿಯನ್ನೂ ಒಲ್ಲೆ ಅಂದವನು.

ಎದುರುಮನೆಯಿಂದ ಬಳೆ ಮಾರುವ ಖಾಸಿಂಬಿ ತನ್ನ ಹಸುಗೂಸು ಮೊಮ್ಮಗನನ್ನು ಎತ್ತಿಕೊಂಡು ಬಂದಳು.

"ಕಾಕಾ, ನಿಮ್ಮ ಮನಿ, ನಿಮ್ಮ ಮರ್ಜಿ. ಆದ್ರ ನಿಮ್ಮ ಕೂಸು ದಿನಾ ನಮ್ಮ ಅಂಗಳದಾಗ ಆಡತೈತಿ. ಅದರ ಜಡ್ಡು ಇವಂಗ ಬಂದ್ರ ನಾ ಯಾರನ್ನ ಕೇಳ್ಲಿರಿ?"

ಅಜ್ಜ ಆ ಕೂಸಿನ ಪುಟ್ಟ ಕಾಲುಗಳನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಒರಟು ಬೆರಳುಗಳಿಂದ ನನ್ನ ಗಲ್ಲ ಹಿಡಿದು, "'ಆ...' ಅನ್ನವ್ವಾ," ಅಂದ. ಹನಿ ಕಹಿಯಾಗಿತ್ತು. ಟೀಚರ್ ನನ್ನ ಕಿರುಬೆರಳಿಗೆ ಶಾಯಿ ಹಚ್ಚಿದರು.

"ಸರ್ಕಾರ ಹೇಳ್ತಂತ ಹಾಕಿಸಿದೇನ ಅಜ್ಜಾ?" ಎಂದು ಕೇಳಿದೆ.

"ಅಲ್ಲವ್ವಾ," ಅಂದವನು ಚಪ್ಪಲಿ ಮೆಟ್ಟಿ, ಟೀಚರನ್ನು ಕರೆದುಕೊಂಡು, ಬೆಳಗ್ಗೆ ತನ್ನ ಮಾತು ಕೇಳಿ ಬಾಗಿಲು ಹಾಕಿಕೊಂಡಿದ್ದ ಮನೆಗಳ ಕಡೆ ನಡೆದ.