ಬೀಜದ ಕಾಯಿ

ಒಣಮೆಣಸಿನಕಾಯಿಯ ಚೀಲ ಬಿಚ್ಚಿದ ವಾಸನೆ ಬಂದರೆ ಇಂದಿಗೂ ಗಂಗಿಯ ಕೈಗಳು ಕಣ್ಣ ಮುಂದೆ ಬರುತ್ತವೆ.

ಆ ಚಳಿಗಾಲ ಬ್ಯಾಡಗಿ ಪೇಟೆಗೆ ಹೋಗಬೇಕಾದ ಕಾಯಿ ನಮ್ಮ ಕಣದ ತುಂಬ ಹರಡಿತ್ತು. ಮುಂದಿನ ವರ್ಷದ ಬೀಜಕ್ಕೆ ಕಾಯಿ ಆರಿಸುವ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದ ಅತ್ತೆಯ ಮಗಳು ಗಂಗಿಯನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡಳು. ಗಂಗಿಗೂ ನನಗೂ ಆಗ ಒಂಬತ್ತು ವರ್ಷ; ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ.

"ಆಯಿ, ನಾನೂ ಆರಸ್ತೇನಿ," ಎಂದೆ ಅಜ್ಜಿಗೆ.

"ನಿನಗ್ಯಾಕ ಇದು? ನೀ ಸಾಲಿಗೆ ಹೋಗಾಕಿ. ಇಕಿ ಕೈಗುಣ ಛಲೋ ಐತಿ."

ಗಂಗಿ ಸುಕ್ಕುಸುಕ್ಕಾದ ಉದ್ದನೆಯ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿ ಮೊರಕ್ಕೆ ಹಾಕುತ್ತಿದ್ದಳು. ಅಜ್ಜಿ ತಲೆದೂಗುತ್ತಿದ್ದಳು. ಗಂಗಿ ನೀರು ಕುಡಿಯಲು ಎದ್ದಾಗ, ಅಜ್ಜಿ ಅತ್ತ ತಿರುಗಿದ್ದ ಹೊತ್ತಿನಲ್ಲಿ, ನಾನು ಬಣ್ಣಗೆಟ್ಟು ಬಿಳಿಚಿದ ಮೂರು ಕಾಯಿಗಳನ್ನು ಅವಳ ಮೊರದಲ್ಲಿ ಸೇರಿಸಿಬಿಟ್ಟೆ.

ಅಜ್ಜಿಗೆ ಅವು ಕಂಡವು. "ಏನ ಗಂಗಿ, ಕಣ್ಣು ಎಲ್ಲಿ ಇಟ್ಟೀದಿ?"

ಗಂಗಿ ನನ್ನನ್ನೇ ನೋಡಿದಳು. "ತಪ್ಪಾತು, ಆಯಿ."

"ಇರಲಿ ಬಿಡು, ಇನ್ನೂ ಕಲಿಯಾಕತ್ತೀದಿ," ಎಂದು ಅಜ್ಜಿ ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಸಂಜೆ ಕೈ ತೊಳೆಯುವಾಗ ಗಂಗಿ ಮೆಲ್ಲಗೆ ಕೇಳಿದಳು: "ನನ್ನೂ ಸಾಲಿಗೆ ಕಳಸಂತ ಆಯಿಗೆ ಹೇಳ್ತೀಯೇನ? ನೀ ಹೇಳಿದ್ರ ಕೇಳ್ತಾಳ."

"ಹೇಳ್ತೇನಿ," ಎಂದೆ.

ನಾನು ಅಜ್ಜಿಗೆ ಹೇಳಲಿಲ್ಲ.